ಹಳ್ಳ ಹಿಡಿದ ಒಂದು ಶನಿವಾರ

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ದೊಡ್ಡದೇನೂ ಆಗಲಿಲ್ಲ. ಒಂದು ಉಳುಕಿದ ಕಾಲು, ಒಂದು ಹರಿದ ಜಾಕೆಟ್, ಮೂರು ಗಂಟೆ ತಡ, ಮನೆಯಲ್ಲಿ ಅತ್ತು ಕೆಂಪಾದ ಎರಡು ಕಣ್ಣು. ಇಷ್ಟೇ. ಆದರೆ ಆಮೇಲೆ ನಾನೂ ಗೆಳೆಯನೂ ಎರಡು ಸಲ ಫೋನಿನಲ್ಲಿ ಗಂಟೆ ಗಂಟೆಯ ಲೆಕ್ಕ ತೆಗೆದು, ಎಲ್ಲಿ ಕೆಟ್ಟಿತು ಅಂತ ಹುಡುಕಿದೆವು. ದಾರಿ ತಪ್ಪಿದ ಜಾಗವೇ ತಪ್ಪಾದ ಜಾಗ ಅಂತ ಇಬ್ಬರೂ ನಂಬಿದ್ದೆವು. ಅದು ಹಾಗಿರಲಿಲ್ಲ. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಗೆಳೆಯ ತನ್ನ ಹೆಸರು ಹಾಕಬೇಡ ಅಂದಿದ್ದಾನೆ. ಹಾಗಾಗಿ ಇಲ್ಲಿ ಅವನು ಬರೀ ಸಾಗರದವನು. ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಒಂದೇ ರೂಮು. ಈಗ ಅವನು ಬಾಸ್ಟನ್ ಕಡೆ, ನಾನು ನ್ಯೂಜೆರ್ಸಿಯಲ್ಲಿ.

ಜಾಗ ಕ್ಯಾಟ್‌ಸ್ಕಿಲ್ ಬೆಟ್ಟಗಳು, ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಕಾರಿನಲ್ಲಿ ಎರಡು ಎರಡೂವರೆ ಗಂಟೆ. ಎತ್ತರ ಕೇಳಿದರೆ ನಮ್ಮವರು ನಗುತ್ತಾರೆ. ಅಲ್ಲಿನ ಅತಿ ಎತ್ತರದ ಸ್ಲೈಡ್ ಬೆಟ್ಟವೇ 4200 ಅಡಿ ಮುಟ್ಟುವುದಿಲ್ಲ, ಮುಳ್ಳಯ್ಯನಗಿರಿ 6300 ಅಡಿ ದಾಟುತ್ತದೆ. ನಾನೂ ಮೊದಲು ನಕ್ಕಿದ್ದೆ. ಮುಳ್ಳಯ್ಯನಗಿರಿಗೆ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಇಲ್ಲಿ 1200 ಅಡಿಯ ಆಸುಪಾಸಿನಲ್ಲಿ ಕಾರು ನಿಲ್ಲಿಸಿ ಉಳಿದದ್ದನ್ನೆಲ್ಲ ಕಾಲಲ್ಲೇ ಹತ್ತಬೇಕು ಅನ್ನೋದು ಆಮೇಲೆ ಅರ್ಥವಾಯಿತು.

ಇಲ್ಲಿ 3500 ಅಡಿ ದಾಟಿದ ಬೆಟ್ಟಗಳನ್ನೆಲ್ಲ ಹತ್ತಿದವರ ಒಂದು ಕ್ಲಬ್ ಇದೆ, 1962ರಿಂದ. ಈಗ ಪಟ್ಟಿಯಲ್ಲಿ 33 ಶಿಖರ. ಮೊದಲು 35 ಇತ್ತು, ಎರಡು ಬೆಟ್ಟ ಖಾಸಗಿ ಜಮೀನಿನಲ್ಲಿದ್ದು, ಅಲ್ಲಿ ಹೋಗುವುದು ನಿಂತಮೇಲೆ ಪಟ್ಟಿ ಸಣ್ಣದಾಯಿತು. ಇವುಗಳಲ್ಲಿ ಹತ್ತಕ್ಕೂ ಹೆಚ್ಚು ಬೆಟ್ಟಗಳಿಗೆ ಅಧಿಕೃತ ದಾರಿಯೇ ಇಲ್ಲ. ಮರಕ್ಕೆ ಹೊಡೆದ ಬಣ್ಣದ ಗುರುತಿಲ್ಲ, ಫಲಕವಿಲ್ಲ. ನಕ್ಷೆ, ಕಂಪಾಸ್ ಹಿಡಿದು ಕಾಡು ನುಗ್ಗಬೇಕು. ಮೇಲೆ ಒಂದು ಮರಕ್ಕೆ ಕ್ಯಾನಿಸ್ಟರ್ ಕಟ್ಟಿರುತ್ತಾರೆ, ಒಳಗೆ ನೋಟ್‌ಬುಕ್, ಹೆಸರು ಬರೆದು ಬರುವುದು. ಜನ ನಡೆದು ನಡೆದು ಆದ ಸಣ್ಣ ಜಾಡುಗಳು ಅಲ್ಲಲ್ಲಿ ಇರುತ್ತವೆ. ಆದರೆ ನವೆಂಬರ್ ಹೊತ್ತಿಗೆ ಎಲೆಯೆಲ್ಲ ಉದುರಿ, ಜಾಡೂ ಕಾಣದು, ಕಲ್ಲೂ ಕಾಣದು, ಕಲ್ಲಿನ ಮಧ್ಯದ ಗುಂಡಿಯೂ ಕಾಣದು.

ನನಗೆ ಬಾಕಿ ಇದ್ದದ್ದು ಎರಡೇ, ಫ್ರೈಡೇ ಮತ್ತು ಬಾಲ್ಸಮ್ ಕ್ಯಾಪ್. ಒಂದರ ದಕ್ಷಿಣಕ್ಕೆ ಇನ್ನೊಂದು, ನಡುವೆ ಒಂದು ದಿಣ್ಣೆ. ಎರಡಕ್ಕೂ ದಾರಿಯಿಲ್ಲ. ಎಲ್ಲರೂ ಒಂದೇ ದಿನ ಎರಡನ್ನೂ ಮಾಡುತ್ತಾರೆ. ಸಾಗರದವನಿಗೆ ಪಟ್ಟಿಗಿಟ್ಟಿಯ ಹುಚ್ಚಿಲ್ಲ. ನಾನು ಕರೆದೆ, ಅವನು ಶುಕ್ರವಾರ ರಾತ್ರಿ ನಾಲ್ಕೂವರೆ ಗಂಟೆ ಗಾಡಿ ಓಡಿಸಿಕೊಂಡು ಬಂದ. ಈ ನಾಲ್ಕೂವರೆ ಗಂಟೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೆಳಿಗ್ಗೆ 5ಕ್ಕೆ ಹೊರಡಬೇಕಿತ್ತು. ರಾತ್ರಿ ಒಂದು ಗಂಟೆವರೆಗೆ ಹರಟೆ, ಬೆಳಿಗ್ಗೆ ಹೆಂಡತಿ ಚಪಾತಿ ಸುತ್ತಿಕೊಡುವಷ್ಟರಲ್ಲಿ ಇನ್ನೊಂದು ಕಾಫಿ. ಹೊರಟಿದ್ದು 6:10ಕ್ಕೆ, ನಡೆಯಲು ಶುರುಮಾಡಿದ್ದು 8:50ಕ್ಕೆ. ಜಿಂಕೆ ಬೇಟೆಯ ಕೋವಿ ಸೀಸನ್ ಶುರುವಾಗಿದ್ದ ಶನಿವಾರ, ಇಬ್ಬರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಹಾಕಿದ್ದೆವು. ದೂರದಲ್ಲಿ ಆಗಾಗ ಗುಂಡಿನ ಸದ್ದು. ಸಾಗರದವನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ, ‘ಉಂಬಳ ಇಲ್ದೇ ಇರೋ ಕಾಡು ಇದು ಎಂಥ ಕಾಡು ಮಾರಾಯಾ’ ಅಂತ ಅದೊಂದೇ ಅವನ ತಕರಾರು.

ಹೆಂಡತಿಗೆ ಹೇಳಿದ್ದು ಇಷ್ಟು: ಸಂಜೆ 6ರೊಳಗೆ ಫೋನ್ ಬರದಿದ್ದರೆ ರೇಂಜರ್ ಆಫೀಸಿಗೆ ಫೋನ್ ಮಾಡು. ನಂಬರು ಫ್ರಿಜ್ ಮೇಲೆ ಅಂಟಿಸಿದ್ದೆ. ನಾವಿಬ್ಬರು ಮಾಡಿಕೊಂಡ ಒಪ್ಪಂದ ಇನ್ನೊಂದು: ಮಧ್ಯಾಹ್ನ 1 ಗಂಟೆಗೆ ಎರಡನೇ ಬೆಟ್ಟದ ಮೇಲೆ ಇರದಿದ್ದರೆ ಅದನ್ನು ಬಿಟ್ಟು ಇಳಿಯುವುದು. ಸೂರ್ಯ ಮುಳುಗುವುದು ಸುಮಾರು 4:30ಕ್ಕೆ. ಮೂರು ವಾರದ ಹಿಂದಷ್ಟೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು, ಮೈ ಇನ್ನೂ ಅಕ್ಟೋಬರಿನ ಲೆಕ್ಕದಲ್ಲೇ ಇತ್ತು.

ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಎಲೆ ಉದುರಿದ ಬೀಚ್ ಮರಗಳ ನಡುವೆ ದೂರದವರೆಗೂ ಕಾಣುತ್ತಿತ್ತು. ಬೇಸಿಗೆಯಲ್ಲಿ ಎದೆಮಟ್ಟ ಬೆಳೆಯುವ ಚುರುಚುರು ಗಿಡಗಳೆಲ್ಲ ಸತ್ತು ಮಲಗಿದ್ದವು. ಮೊಣಕಾಲವರೆಗೆ ತರಗೆಲೆ, ಅವನ ಭಾಷೆಯಲ್ಲಿ ದರಕು. ಹತ್ತುವುದರಲ್ಲಿ ಒಂದು ಮೋಸ ಇದೆ ನೋಡಿ. ಐದು ಡಿಗ್ರಿ ಆ ಕಡೆ ಹೋಗಿ, ಹತ್ತು ಡಿಗ್ರಿ ಈ ಕಡೆ ಹೋಗಿ, ಮೇಲೆ ಮೇಲೆ ಹೋಗುತ್ತಿದ್ದರೆ ಎಲ್ಲವೂ ಕೊನೆಗೆ ತುದಿಗೇ ಬಂದು ಸೇರುತ್ತದೆ. ಬೆಟ್ಟವೇ ತಪ್ಪನ್ನು ತಿದ್ದಿಕೊಡುತ್ತದೆ. ಇಳಿಯುವಾಗ ಪೂರ್ತಿ ಉಲ್ಟಾ, ತುದಿಯಲ್ಲಿ ಬೆರಳಗಲದ ವ್ಯತ್ಯಾಸ ಬುಡದಲ್ಲಿ ಬೇರೆ ಊರೇ ಆಗಿರುತ್ತದೆ. ಹತ್ತಿದ ಆ ಮೂರು ಗಂಟೆಯುದ್ದಕ್ಕೂ ನಾವು ಕಂಪಾಸ್ ಸರಿಯಾಗಿ ಬಳಸುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದೆವು. ಬಳಸುತ್ತಿರಲಿಲ್ಲ. ಬೆಟ್ಟ ಮುಚ್ಚಿಹಾಕಿತ್ತು ಅಷ್ಟೇ.

3300 ಅಡಿಯ ಮೇಲೆ ಫರ್ ಮತ್ತು ಸ್ಪ್ರೂಸ್ ಶುರು. ಕ್ರಿಸ್‌ಮಸ್ ಗಿಡಗಳನ್ನೆಲ್ಲ ತಂದು ಒತ್ತೊತ್ತಾಗಿ ನೆಟ್ಟು ಮೇಲೆ ನೀರು ಚಿಮುಕಿಸಿದ ಹಾಗೆ. ಕೊಂಬೆಗಳ ಮೇಲೆ ಹಿಂದಿನ ರಾತ್ರಿಯ ಹಿಮ ಕರಗುತ್ತಿತ್ತು, ತಳ್ಳಿದಾಗಲೆಲ್ಲ ಕತ್ತಿನೊಳಗೆ ಸುರಿಯುತ್ತಿತ್ತು. ನನ್ನ ಜಾಕೆಟ್ ಹರಿದದ್ದು ಇಲ್ಲೇ. ಫ್ರೈಡೇ ಶಿಖರದ ಕ್ಯಾನಿಸ್ಟರ್ ಸಿಕ್ಕಾಗ 12:10. ಕನ್ನಡದಲ್ಲಿ ಹೆಸರು ಬರೆದೆವು. ಚಪಾತಿ, ಚಟ್ನಿಪುಡಿ, ಫ್ಲಾಸ್ಕಿನ ಕಾಫಿ. ಕೂತರೆ ಹತ್ತು ನಿಮಿಷಕ್ಕೇ ನಡುಕ.

ಈಗ 12:40. ಪ್ರಕರಣದ ನಿಜವಾದ ಜಾಗ ಇದು.

ಬಾಲ್ಸಮ್ ಕ್ಯಾಪ್‌ಗೆ ದಿಣ್ಣೆಯ ಮೇಲೆ ಹತ್ತಿರ ಹತ್ತಿರ ಒಂದು ಮೈಲಿ, ಎಲ್ಲ ಅದೇ ಒದ್ದೆ ಮುಳ್ಳುಗೋಡೆ. 20 ನಿಮಿಷದಲ್ಲಿ ಹೋಗುವುದು ಸಾಧ್ಯವೇ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಒಪ್ಪಂದದ ಪ್ರಕಾರ ಅಲ್ಲೇ ತಿರುಗಬೇಕಿತ್ತು. ನನಗೆ ಕೈಬೆರಳು ಮರಗಟ್ಟಿತ್ತು, ಮನೆಗೆ ಹೋಗೋಣ ಅನಿಸಿತ್ತು. ಆದರೆ ಇವನು ನನಗೋಸ್ಕರ ನಾಲ್ಕೂವರೆ ಗಂಟೆ ಗಾಡಿ ಓಡಿಸಿಕೊಂಡು ಬಂದಿದ್ದಾನೆ, ಅರ್ಧಕ್ಕೆ ವಾಪಸ್ ಕರೆದುಕೊಂಡು ಹೋಗೋದು ಹೇಗೆ? ಅವನ ತಲೆಯಲ್ಲಿ ಓಡುತ್ತಿದ್ದದ್ದು (ಇದು ಆಮೇಲೆ ಗೊತ್ತಾಗಿದ್ದು): ಇವನ ಪಟ್ಟಿಯಲ್ಲಿ ಇದೊಂದೇ ಬಾಕಿ, ನಾನು ಸುಸ್ತು ಅಂದರೆ ಇವನ 33 ಪೂರ್ತಿ ಆಗೋದಿಲ್ಲ, ಅದನ್ನು ನಾನ್ಯಾಕೆ ಹಾಳುಮಾಡಲಿ. ಅವನು ಕೇಳಿದ, ‘ಹೆಂಗೆ, ಹೋಗೋಣ?’ ನಾನು, ‘ನೀನು ಹೆಂಗೆ ಹೇಳ್ತೀಯೋ ಹಂಗೆ.’ ‘ನಂದೇನಿಲ್ಲ, ನಿಂಗೆ ಸರಿ ಅನ್ಸಿದ್ರೆ ಸರಿ.’ ‘ಹಂಗಾದ್ರೆ ಹೋಗೇಬಿಡೋಣ.’

ಬೇಡದ ಊಟ ಅಂದರೆ ಹೀಗೇ ಅಲ್ವಾ. ಬಡಿಸುವವರಿಗೆ ಒಬ್ಬಟ್ಟು ಮುಗಿಯುತ್ತಾ ಬಂದಿರುತ್ತದೆ, ಎಲೆಯ ಮುಂದೆ ಕೂತವನಿಗೆ ಹೊಟ್ಟೆ ಬಿರಿಯುತ್ತಿರುತ್ತದೆ. ಆದರೂ ಅವರು ಇನ್ನೊಂದು ಅನ್ನುತ್ತಾರೆ, ಇವನು ಹಾಕಿ ಅನ್ನುತ್ತಾನೆ. ನಮ್ಮಿಬ್ಬರಲ್ಲಿ ಬಡಿಸುವವನು ಯಾರು, ಉಣ್ಣುವವನು ಯಾರು ಅಂತಲೂ ಗೊತ್ತಿರಲಿಲ್ಲ. ಇದಕ್ಕೆ ನಮ್ಮಲ್ಲಿ ದಾಕ್ಷಿಣ್ಯ ಅನ್ನುತ್ತಾರೆ. ಹಾಸ್ಟೆಲ್‌ನಲ್ಲಿ ಒಬ್ಬರ ಅಂಗಿ ಒಬ್ಬರು ಹಾಕಿಕೊಂಡು ತಿರುಗಿದವರು, ಮುಖದ ಮೇಲೆ ಬೈದುಕೊಂಡವರು, ಎಂಟು ವರ್ಷ ದೂರ ಇದ್ದದ್ದಕ್ಕೆ ನೆಂಟರಾಗಿಬಿಟ್ಟಿದ್ದೆವು.

ಬಾಲ್ಸಮ್ ಕ್ಯಾಪ್ ಮುಟ್ಟಿದ್ದು 2:20ಕ್ಕೆ. ನನ್ನ 33ನೆಯದು. ಫೋಟೋ ತೆಗೆಯಬೇಕು ಅಂತ ಫೋನ್ ತೆಗೆದರೆ ಬ್ಯಾಟರಿ ಶೇಕಡ 31. ಚಳಿಗೆ ಫೋನಿನ ಬ್ಯಾಟರಿ ಬೇಗ ಬೀಳುತ್ತದೆ, ಗೊತ್ತಿದ್ದೂ ಅದನ್ನು ಹೊರಜೇಬಿನಲ್ಲಿ ಇಟ್ಟಿದ್ದೆ. ಪವರ್ ಬ್ಯಾಂಕ್ ಕಾರಿನಲ್ಲಿ. ಇವನ ಫೋನಿನಲ್ಲಿ ಆ ಜಾಗದ ನಕ್ಷೆ ಡೌನ್‌ಲೋಡ್ ಆಗಿರಲಿಲ್ಲ. ಹಾಗಾಗಿ ನನ್ನ ಫೋನ್ ಉಳಿಸಿ, ಅವನ ಕಂಪಾಸ್ ನೋಡಿಕೊಂಡು ಇಳಿಯುವುದು ಅಂತ ತೀರ್ಮಾನವಾಯಿತು.

ತುದಿಯಿಂದ ಸ್ವಲ್ಪ ಕೆಳಗೆ ಒಂದು ಬಂಡೆಯಂಚಿನಿಂದ ಅಶೋಕನ್ ಜಲಾಶಯ ಕಂಡಿತು. ಹೆಸರು ಕೇಳಿ ಚಕ್ರವರ್ತಿ ಅಶೋಕ ಅಂದುಕೊಳ್ಳಬೇಡಿ, ಇದು ಅಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದ ಹೆಸರು. ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡಲು 1907ರಿಂದ 1915ರವರೆಗೆ ಕಟ್ಟಿದ್ದು. ಅದಕ್ಕಾಗಿ ಹಲವು ಹಳ್ಳಿ ಮುಳುಗಿದವು, ಸುಮಾರು 2000 ಜನ ಮನೆ ಬಿಟ್ಟರು, ಸ್ಮಶಾನದ ಹೆಣಗಳನ್ನೂ ಅಗೆದು ಬೇರೆ ಕಡೆ ಒಯ್ದರು. ಇದನ್ನು ನಾನು ಸುಮ್ನೆ ಗೈಡ್ ಥರ ಹೇಳಿದೆ. ಸಾಗರದವನು ಕೂತುಬಿಟ್ಟ. ಅವನ ಅಜ್ಜಿಯ ತವರು ಲಿಂಗನಮಕ್ಕಿಯ ನೀರಿನಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ದಡದಲ್ಲಿ ನಿಂತು ಅಲ್ಲಿ ನಮ್ಮ ಕೊಟ್ಟಿಗೆ, ಅಲ್ಲಿ ಬಾವಿ ಅಂತ ಬರೀ ನೀರನ್ನು ತೋರಿಸುತ್ತಿದ್ದರಂತೆ. ಇಷ್ಟು ವರ್ಷ ಒಂದೇ ರೂಮಲ್ಲಿದ್ದು ಇದನ್ನು ಅವನು ಹೇಳಿರಲಿಲ್ಲ. ನಾನು ಗಡಿಯಾರ ನೋಡಿದೆ, 2:40. ಅಂಥ ಮಾತಿನ ಮಧ್ಯೆ ಏಳು ಅನ್ನೋಕಾಗುತ್ತಾ? ಎದ್ದಾಗ 2:55. ಆ ಹೊತ್ತು ದಂಡ ಅಂತ ನನಗೆ ಈಗಲೂ ಅನಿಸುವುದಿಲ್ಲ, ಆದರೆ ಲೆಕ್ಕದಲ್ಲಿ ಅದೂ ಸೇರಬೇಕು.

ಈಗ ಕಂಪಾಸಿನ ಕಥೆ. ಅವನು ಕಾಲೇಜಿನಲ್ಲಿ ಎನ್‌ಸಿಸಿ, ನಕ್ಷೆ ಓದುವುದನ್ನು ಅಲ್ಲಿ ಕಲಿತವನು. ನಕ್ಷೆಯ ಮೇಲೆ ಕೋನ ಅಳೆದ, 95 ಡಿಗ್ರಿ ಬಂತು, ಹೆಚ್ಚುಕಮ್ಮಿ ನೇರ ಪೂರ್ವ. ಕಂಪಾಸಿನಲ್ಲಿ 95ಕ್ಕೆ ತಿರುಗಿಸಿ ‘ಆ ಕಡೆ’ ಅಂತ ಕೈ ತೋರಿಸಿದ. ನಾನು ಫೋನ್ ಆರಿಸುವ ಮುಂಚೆ ಅದರ ಕಂಪಾಸನ್ನೂ ಅದೇ ಕಡೆಗೆ ಹಿಡಿದೆ. ಅದು 82 ತೋರಿಸಿತು.

ಭೂಮಿಯ ಕಾಂತೀಯ ಉತ್ತರವೂ ನಕ್ಷೆಯ ಉತ್ತರವೂ ಒಂದೇ ಅಲ್ಲ. ಎರಡರ ನಡುವಿನ ಕೋನ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕರ್ನಾಟಕದಲ್ಲಿ ಅದು ಒಂದೆರಡು ಡಿಗ್ರಿ, ಕೈ ನಡುಗಿದರೆ ಅಷ್ಟು ತಪ್ಪು ಹೇಗೂ ಬರುತ್ತದೆ, ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಕ್ಯಾಟ್‌ಸ್ಕಿಲ್‌ನಲ್ಲಿ ಅದು ಸುಮಾರು 13 ಡಿಗ್ರಿ, ಪಶ್ಚಿಮಕ್ಕೆ. ನಕ್ಷೆಯ 95ಕ್ಕೆ 13 ಕೂಡಿಸಿ ಕಂಪಾಸಿನಲ್ಲಿ 108 ಇಡಬೇಕಿತ್ತು. ಕೂಡಿಸದಿದ್ದರೆ ಎಡಕ್ಕೆ ಹೋಗುತ್ತೀರಿ, ಒಂದು ಮೈಲಿ ನಡೆದರೆ ಸುಮಾರು 370 ಮೀಟರ್ ಎಡಕ್ಕೆ. ಎಡಕ್ಕೆ ಅಂದರೆ ಉತ್ತರಕ್ಕೆ, ಫ್ರೈಡೇ ಬೆಟ್ಟದ ಕಡಿದಾದ ಬಂಡೆಗಳ ಕಡೆಗೆ. ಅವನು ಕಲಿತದ್ದರಲ್ಲಿ ತಪ್ಪಿರಲಿಲ್ಲ, ಊರು ಬೇರೆ ಆಗಿತ್ತು.

ನನಗೆ ಈ 13ರ ವಿಷಯ ಎಲ್ಲೋ ಓದಿದ ನೆನಪಿತ್ತು. ಫೋನು ನಕ್ಷೆಯ ಉತ್ತರದಿಂದ ಎಣಿಸಿ 82 ಅಂದಿತ್ತು, ಅವನ ಕಂಪಾಸ್ ಕಾಂತೀಯ ಉತ್ತರದಿಂದ 95; ಎರಡು ಯಂತ್ರದ ನಡುವೆ ಸರಿಯಾಗಿ 13ರ ವ್ಯತ್ಯಾಸ ಕಣ್ಣೆದುರಿಗೇ ಇತ್ತು. ನಾನು ಬಾಯಿ ಬಿಡಲಿಲ್ಲ. ಎನ್‌ಸಿಸಿ ಮಾಡಿದವನಿಗೆ ನಾನೇನು ಹೇಳೋದು, ಫೋನಿನದ್ದು ಹೇಗೂ ಅಡ್ಡಾದಿಡ್ಡಿ ತೋರಿಸುತ್ತದೆ ಅಂದುಕೊಂಡು ಫೋನ್ ಆರಿಸಿ ಜೇಬಿಗೆ ಹಾಕಿದೆ.

ಇಳಿಯುವ ಮೈ ಪೂರ್ವಕ್ಕಿತ್ತು. 4:30ಕ್ಕೆ ಸೂರ್ಯಾಸ್ತ ಅಂತ ಲೆಕ್ಕ ಹಾಕಿದ್ದವರಿಗೆ ಒಂದು ವಿಷಯ ಹೊಳೆದಿರಲಿಲ್ಲ, ಬೆಟ್ಟದ ಪೂರ್ವ ಮೈಗೆ ಸೂರ್ಯ ಬೆಟ್ಟದ ಹಿಂದೆ ಹೋದಾಗಲೇ ಸಂಜೆ. ಮೂರೂಕಾಲಿಗೇ ನೆರಳು ಬಂತು, ಅದರ ಹಿಂದೆಯೇ ಚಳಿ. ಕರಗಿದ ನೀರು ಕಲ್ಲಿನ ಮೇಲೆ ಮತ್ತೆ ಹೆಪ್ಪುಗಟ್ಟಿತು, ಅದರ ಮೇಲೆ ಎಲೆ.

ಈ ಬೆಟ್ಟಗಳು ಮರಳುಗಲ್ಲಿನ ಪದರ ಪದರ, ದೊಡ್ಡ ಮೆಟ್ಟಿಲು ಥರ. ಕೆಳಗಿಂದ ನೋಡಿದರೆ ಪ್ರತಿ ಮೆಟ್ಟಿಲೂ ಗೋಡೆಯಾಗಿ ಕಾಣುತ್ತದೆ, ಸುತ್ತಿಕೊಂಡು ಹೋಗಬಹುದು. ಮೇಲಿಂದ ಇಳಿಯುವಾಗ ಅಂಚಿಗೆ ಬರುವವರೆಗೂ ಕಾಣುವುದೇ ಇಲ್ಲ. ಒಂದು ಅಂಚಿನಲ್ಲಿ ಎಡಕ್ಕೆ ಸುತ್ತಿದೆವು, ಯಾಕೆಂದರೆ ಎಡಕ್ಕೆ ಸುಲಭ ಇತ್ತು. ಇನ್ನೊಂದರಲ್ಲೂ ಎಡಕ್ಕೆ. ಮೊದಲೇ ಎಡಕ್ಕೆ ವಾಲಿದ್ದವರು ಇನ್ನಷ್ಟು ವಾಲಿದೆವು. ನಾಲ್ಕು ಗಂಟೆ ಹೊತ್ತಿಗೆ ಕೆಳಗೆ ನೀರಿನ ಸದ್ದು ಕೇಳಿತು. ನಮ್ಮ ಲೆಕ್ಕದ ಪ್ರಕಾರ ಅಲ್ಲಿ ನೀರು ಇರಬಾರದು.

ಸಾಗರದವನಿಗೆ ಖುಷಿಯೋ ಖುಷಿ. ಮಲೆನಾಡಿನಲ್ಲಿ ಕಾಡಲ್ಲಿ ತಪ್ಪಿಸಿಕೊಂಡರೆ ಹಳ್ಳ ಹಿಡಿದು ಕೆಳಗೆ ಹೋಗು ಅನ್ನುತ್ತಾರೆ, ಯಾವುದಾದರೂ ಅಡಿಕೆ ತೋಟ ಸಿಕ್ಕೇ ಸಿಗುತ್ತದೆ. ಹಳ್ಳ ಹಿಡಿದೆವು. ನಿಜವಾಗಿಯೂ ಹಳ್ಳ ಹಿಡಿದೆವು. ತೋಟ ಎಲ್ಲಿಂದ ಬರಬೇಕು, ಇಕ್ಕಟ್ಟಾದ ಕೊರಕಲು, ಕಾರಿನಷ್ಟು ದೊಡ್ಡ ಉರುಳುಗಲ್ಲುಗಳು, ಬಿದ್ದ ಮರ, ಎರಡು ಕಡೆ ಬಂಡೆ. ಮೂರನೇ ಸಣ್ಣ ಜಲಪಾತದ ಪಕ್ಕದಲ್ಲಿ ಅವನು ಜಾರಿದ. ಆರೇಳು ಅಡಿ ಅಷ್ಟೇ, ಆದರೆ ಎಡಗಾಲು ಕಲ್ಲಿನ ಸಂದಿಗೆ ಹೋಯಿತು. ಹೊತ್ತು 4:50. ತಲೆಗೆ ಕಟ್ಟುವ ಟಾರ್ಚ್ ನನ್ನ ಹತ್ತಿರ ಒಂದೇ ಒಂದು. ಸಿಗ್ನಲ್ ಇಲ್ಲ.

ಅವನನ್ನು ಬ್ಯಾಗಿನ ಮೇಲೆ ಕೂರಿಸಿ ಒಣ ಕಾಲುಚೀಲ ಹಾಕಿದೆ. ಮೂಳೆ ಮುರಿದಿಲ್ಲ ಅಂತ ಖಾತ್ರಿಯಾಗಲು ಸ್ವಲ್ಪ ಹೊತ್ತು ಬೇಕಾಯಿತು. ಫೋನ್ ಆನ್ ಮಾಡಿದರೆ ಶೇಕಡ 9 ತೋರಿಸಿ ಆರಿಹೋಯಿತು. ಅದನ್ನು ಬನಿಯನ್ನಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡು ಕೂತೆ. ಉಳಿದ ಕಾಫಿ ಕುಡಿದೆವು. ಮಾಡಲು ಬೇರೆ ಏನೂ ಇಲ್ಲದ್ದರಿಂದ ಮಾತು ಬಂತು.

‘ಒಂದ್ ಮಾತು ಹೇಳ್ಲಾ? ನಂಗೆ ಆ ಫ್ರೈಡೇಲೇ ವಾಪಸ್ ಹೋಗಾಣ ಅನ್ಸಿತ್ತು.’

‘ಯಾಕೋ ಹೇಳ್ಲಿಲ್ಲ?’

‘ನಿಂದು ಒಂದೇ ಬಾಕಿ ಇತ್ತಲ್ಲ ಮಾರಾಯಾ.’

ನನಗೂ ಹಾಗೇ ಅನಿಸಿತ್ತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹಾಸ್ಟೆಲ್ ಕಾಲದ ಒಂದು ಬೈಗುಳ ಬೈದ. ಇಡೀ ದಿನದಲ್ಲಿ ಅದು ಮೊದಲ ಸಲ. ಅದರ ಬೆನ್ನಿಗೇ ನಾನು 82ರ ವಿಷಯವನ್ನೂ ಹೇಳಿಬಿಟ್ಟೆ. ಅದಕ್ಕೆ ಇನ್ನೂ ದೊಡ್ಡ ಬೈಗುಳ ಬಂತು, ನ್ಯಾಯವಾಗಿಯೇ.

ಹದಿನೈದು ನಿಮಿಷದ ಮೇಲೆ ಬೆಚ್ಚಗಾದ ಫೋನ್ ಮತ್ತೆ ಎದ್ದಿತು, ಶೇಕಡ 17. ನಕ್ಷೆಯಲ್ಲಿ ನಾವು ಇರಬೇಕಾದ ಜಾಗಕ್ಕಿಂತ 400 ಮೀಟರ್‌ನಷ್ಟು ಉತ್ತರಕ್ಕೆ ಇದ್ದೆವು. ಜಾಗವನ್ನು ಕಾಗದದ ನಕ್ಷೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ಫೋನನ್ನು ಮತ್ತೆ ಕಂಕುಳಿಗೆ ಸೇರಿಸಿದೆ. ಆಮೇಲೆ ಮಾಡಿದ್ದು ಬೇಜಾರಿನ ಕೆಲಸ: ಹಳ್ಳ ಬಿಟ್ಟು, ಬಲಗಡೆಯ ದಂಡೆ ಹತ್ತಿ, ಎತ್ತರ ಬದಲಾಗದ ಹಾಗೆ ದಕ್ಷಿಣಕ್ಕೆ ಅಡ್ಡ ನಡೆದದ್ದು. ಈ ಸಲ 13 ಕೂಡಿಸಿ. ಟಾರ್ಚ್ ಹಿಂದಿನವನ ತಲೆಗೆ, ಬೆಳಕು ಇಬ್ಬರ ಕಾಲಿಗೂ ಬೀಳಲಿ ಅಂತ. ಪ್ರತಿ 50 ಹೆಜ್ಜೆಗೆ ನಿಲ್ಲುವುದು, ‘ನೋವು ಎಷ್ಟು, ಹತ್ತಕ್ಕೆ ಎಷ್ಟು?’ ಅಂತ ಕೇಳುವುದು, ಅವನು ಸುಳ್ಳು ಹೇಳದೆ ಹೇಳುವುದು. ಹಳೆಯ ಮರ ಸಾಗಿಸುವ ದಾರಿ ಕಾಲಿಗೆ ತಾಗಿದ್ದು ಏಳಕ್ಕೆ. ಕಾರು ಮುಟ್ಟಿದಾಗ 7:50.

ಕಥೆ ಇಲ್ಲಿಗೆ ಮುಗಿದಿಲ್ಲ. ಹೆದ್ದಾರಿಗೆ ಬಂದು ಸಿಗ್ನಲ್ ಸಿಕ್ಕ ತಕ್ಷಣ ಮನೆಗೆ ಫೋನ್ ಮಾಡಿದರೆ ಹೆಂಡತಿ ರೇಂಜರ್ ಆಫೀಸಿಗೆ ಆಗಲೇ ಹೇಳಿದ್ದಳು. ಆದರೆ 6ಕ್ಕಲ್ಲ, 7:15ಕ್ಕೆ. ಒಂದೂಕಾಲು ಗಂಟೆ ಫ್ರಿಜ್ ಮುಂದೆ ನಿಂತಿದ್ದಳಂತೆ. ಯಾಕೆ ಅಂದರೆ, ‘ಸುಮ್ನೆ ಅವರಿಗೆ ಯಾಕೆ ತೊಂದರೆ, ಈಗ ಬರಬಹುದು, ಆಗ ಬರಬಹುದು ಅನ್ಕೊಂಡೆ.’ ಗುರುತೇ ಇಲ್ಲದ ರೇಂಜರ್ ಮೇಲೂ ದಾಕ್ಷಿಣ್ಯ! ನಾವು ಸಿಕ್ಕಿದೆವು ಅಂತ ತಿಳಿಸಲು ನಾನು ಫೋನ್ ಮಾಡಿದಾಗ ಅತ್ತ ಕಡೆಯವರು ಯಾವ ಸಿಡುಕೂ ಇಲ್ಲದೆ ಕೇಳಿದ್ದು ಮೂರೇ ಪ್ರಶ್ನೆ: ಇಬ್ಬರೂ ಹೊರಗೆ ಬಂದಿದ್ದೀರಾ, ಆಸ್ಪತ್ರೆ ಬೇಕಾ, ಗಾಡಿ ಓಡಿಸಲು ಆಗುತ್ತಾ. ಹೇಳಿದ ಹೊತ್ತಿಗೇ ಫೋನ್ ಮಾಡಬೇಕಿತ್ತು ಅಂತ ಕೊನೆಯಲ್ಲಿ ಮೆತ್ತಗೆ ಸೇರಿಸಿದರು.

ಲೆಕ್ಕ ಹಾಕುವಾಗ ನಾವು ಮೊದಲು ದೂರಿದ್ದು ಕಂಪಾಸನ್ನು. ಆದರೆ 12:40ಕ್ಕೆ ತಿರುಗಿದ್ದರೆ ಹತ್ತಿ ಬಂದ ನಮ್ಮದೇ ಹೆಜ್ಜೆಗುರುತು ದರಕಿನಲ್ಲಿ ಇನ್ನೂ ಇತ್ತು, ಕಂಪಾಸ್ ತಪ್ಪಾಗಿದ್ದರೂ ಹಗಲಿನಲ್ಲೇ ಕಾರು ಸೇರುತ್ತಿದ್ದೆವು. ತಡವಾಗಿದ್ದರೂ 2:55ಕ್ಕೆ ನಾನು 82 ಅಂತ ಒಂದು ಸಂಖ್ಯೆ ಜೋರಾಗಿ ಓದಿದ್ದರೆ ಹಳ್ಳಕ್ಕೆ ಇಳಿಯುತ್ತಿರಲಿಲ್ಲ. ಹೆಂಡತಿಯ ಒಂದೂಕಾಲು ಗಂಟೆ ನಮಗೆ ಏನೂ ಮಾಡಲಿಲ್ಲ, ಅವನ ಕಾಲು ಮುರಿದಿದ್ದರೆ ಮಾಡುತ್ತಿತ್ತು. ಸಾಗರದವನು ಮಾತ್ರ ಒಪ್ಪುವುದಿಲ್ಲ. ಎನ್‌ಸಿಸಿ ಮಾಡಿದವನಾಗಿ ನಕ್ಷೆಯ ಮೂಲೆಯಲ್ಲಿ ಅಚ್ಚು ಹಾಕಿದ್ದ 13 ಡಿಗ್ರಿಯನ್ನು ಓದದೇ ಇದ್ದದ್ದು ತನ್ನ ತಪ್ಪೇ ಅನ್ನುತ್ತಾನೆ. ಅಲ್ಲಿ ಅಚ್ಚು ಹಾಕಿತ್ತು, ನಿಜ.

ಅವನ ಕಾಲು ಮೂರು ವಾರಕ್ಕೆ ಸರಿಹೋಯಿತು. ಈಗ ಹೊಸ ಕಂಪಾಸ್ ತಗೊಂಡಿದ್ದಾನೆ, ಹಿಂಬದಿಯ ಸಣ್ಣ ಸ್ಕ್ರೂ ತಿರುಗಿಸಿ 13 ಡಿಗ್ರಿಯನ್ನು ಒಮ್ಮೆಗೇ ಕೂರಿಸಬಹುದಾದದ್ದು. ಡಿಸೆಂಬರಿನಲ್ಲಿ ಊರಿಗೆ ಹೊರಟ, ಕೊಡಚಾದ್ರಿಗೂ ಹೋಗುತ್ತೇನೆ, ಕಂಪಾಸ್ ಬ್ಯಾಗಿನಲ್ಲಿದೆ ಅಂತ ಏರ್‌ಪೋರ್ಟಿನಿಂದ ಫೋಟೋ ಕಳಿಸಿದ. ಸ್ಕ್ರೂ ಇನ್ನೂ 13ರಲ್ಲೇ ಇರಬೇಕು ಅನಿಸಿತು. ಆಗ ರಾತ್ರಿ ಹನ್ನೊಂದೂವರೆ, ಅವನು ವಿಮಾನ ಹತ್ತುವ ಗಡಿಬಿಡಿಯಲ್ಲಿದ್ದ. ಫೋನೇ ಮಾಡಿದೆ. ‘ಲೇ, ಸ್ಕ್ರೂ ವಾಪಸ್ ತಿರುಗ್ಸು, ಇಲ್ದಿದ್ರೆ ಕೇರಳಕ್ಕೆ ಹೋಗ್ತೀಯ.’

‘ಕೊಡಚಾದ್ರಿಗೆ ಕಂಪಾಸ್ ಯಾಕೋ ಬೇಕು, ಜೀಪು ಹೋಗ್ತದೆ’ ಅಂದ. ಆದರೆ ತಿರುಗಿಸಿದನಂತೆ.